ಚುಚ್ಚುವ ಮೊದಲು ದಾರಿ ಅಳೆಯಬೇಕು

ಮಣಿಕಟ್ಟಿನ ನಾಡಿಗೆ ಸೂಜಿ ಹಾಕಿ ಒಂದೆರಡು ಎಂಎಲ್ ರಕ್ತ ತೆಗೆಯುವ ಕೆಲಸಕ್ಕೆ ಆಸ್ಪತ್ರೆಯಲ್ಲಿ ಎಲ್ಲರೂ ‘ಎಬಿಜಿ’, ಅಂದರೆ ಅಪಧಮನಿ ರಕ್ತದ ಅನಿಲ ಪರೀಕ್ಷೆ, ಅನ್ನುತ್ತಾರೆ. ಕಲಿಸುವವರು ಹೆಚ್ಚಾಗಿ ಕೈಚಳಕವನ್ನು ಕಲಿಸುತ್ತಾರೆ: ನಾಡಿ ಎಲ್ಲಿ ಬಲವಾಗಿ ಬಡಿಯುತ್ತದೆ, ಸೂಜಿ ಎಷ್ಟು ಓರೆಯಾಗಿರಬೇಕು, ರಕ್ತ ತಾನಾಗಿ ಮೇಲೇರಿತೋ ಇಲ್ಲವೋ. ಅದೆಲ್ಲ ಬೇಕಾದದ್ದೇ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಲ್ಯಾಬ್ ಕೆಲಸ ನನಗೆ ಕಲಿಸಿದ ಪಾಠ ಸೂಜಿಯ ತುದಿಯಿಂದ ಶುರುವಾಗುವುದಿಲ್ಲ, ಆ ರಕ್ತವನ್ನು ಅಳೆಯುವ ಯಂತ್ರದ ಬಾಯಿಂದ ಶುರುವಾಗುತ್ತದೆ. ಮಾದರಿಯನ್ನು ಸುರಕ್ಷಿತವಾಗಿ ತೆಗೆಯುವುದು ಅಂದರೆ ಕೈಗೆ ಬಾವು ಬರದಂತೆ, ನಾಡಿ ಮುಚ್ಚದಂತೆ, ಚುಚ್ಚಿದವರಿಗೆ ಸೂಜಿ ತಾಗದಂತೆ ನೋಡಿಕೊಳ್ಳುವುದಷ್ಟೇ ಅಲ್ಲ. ಕಾಗದದ ಮೇಲೆ ಬಂದ ಅಂಕಿ ಆ ರೋಗಿಯ ಮೈಯೊಳಗಿನ ಸ್ಥಿತಿಯನ್ನೇ ಹೇಳುತ್ತಿರಬೇಕು. ಸುಳ್ಳು ಹೇಳುವ ಅಂಕಿ ಬಂದರೆ ರೋಗಿ ನೋವನ್ನೂ ಉಂಡ, ತಪ್ಪು ಚಿಕಿತ್ಸೆಯನ್ನೂ ಉಂಡ. ಆದ್ದರಿಂದ ನನ್ನ ಮಾತು ಇಷ್ಟು: ಅರ್ಧ ಗಂಟೆಯೊಳಗೆ ಯಂತ್ರ ಮುಟ್ಟುತ್ತದೆ ಎಂಬ ಖಾತರಿ ಇಲ್ಲದ ಕಡೆ ಅಪಧಮನಿಗೆ ಸೂಜಿ ಹಾಕಬಾರದು. ಅಂಥ ಕಡೆಯಿಂದ ಕಳಿಸಬೇಕಾದದ್ದು ರಕ್ತವನ್ನಲ್ಲ, ರೋಗಿಯನ್ನು.

ಹಾಗಂತ ಈ ಪರೀಕ್ಷೆ ನಮ್ಮ ಭಾಗಕ್ಕೆ ಅಷ್ಟೇನೂ ಬೇಕಿಲ್ಲ ಅಂತ ಯಾರೂ ತಿಳಿಯಬಾರದು. ವಾಡಿ, ಶಹಾಬಾದ್, ಸೇಡಂ, ಮಳಖೇಡ ಎಲ್ಲವೂ ಸುಣ್ಣಕಲ್ಲಿನ ಮೇಲೆ ಕೂತ ಊರುಗಳು. ಸಿಮೆಂಟ್ ಕಾರ್ಖಾನೆ, ಫರ್ಸಿ ಗಣಿ, ಪಾಲಿಶ್ ಮಷೀನಿನ ಧೂಳು, ಅದರ ಮೇಲೆ ಬೀಡಿ, ಮನೆಯೊಳಗೆ ಕಟ್ಟಿಗೆ ಒಲೆಯ ಹೊಗೆ. ‘ದಮ್ಮು ಹತ್ತ್ಯಾದ್ರಿ’ ಅಂತ ಬರುವ ವಯಸ್ಸಾದವರಲ್ಲಿ ಅಸ್ತಮಾ ಎಂಬ ಹೆಸರಿನ ಹಿಂದೆ ಸಿಓಪಿಡಿ ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಅಡಗಿರುವುದು ಅಪರೂಪವಲ್ಲ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣಿ ಕುಡಿದು ಬರುವವರಿದ್ದಾರೆ; ಆ ವಿಷ ಉಸಿರಾಟದ ಸ್ನಾಯುಗಳನ್ನೇ ಸೋಲಿಸುತ್ತದೆ. ಶುಗರ್ ಮಿತಿಮೀರಿ ರಕ್ತ ಆಮ್ಲವಾಗಿ ಏದುಸಿರು ಬಿಡುತ್ತ ಬರುವವರಿದ್ದಾರೆ. ಈ ಮೂರೂ ಬಗೆಯ ರೋಗಿಗಳಲ್ಲಿ ವೈದ್ಯರಿಗೆ ಬೇಕಾದ ಉತ್ತರ ಎರಡು ಅಂಕಿಗಳಲ್ಲಿದೆ: ರಕ್ತದ ಪಿಎಚ್ ಎಷ್ಟು, ಇಂಗಾಲದ ಡೈಆಕ್ಸೈಡ್‌ನ ಒತ್ತಡ ಎಷ್ಟು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ ಎನ್ನುವವರಿಗೆ ಇಲ್ಲೇ ಉತ್ತರ ಕೊಡಬೇಕು. ಕೋವಿಡ್ ಕಾಲದಲ್ಲಿ ಆ ಪುಟ್ಟ ಯಂತ್ರ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲಕ್ಕೂ ಬಂತು; ಒಳ್ಳೆಯದೇ ಆಯಿತು. ಆದರೆ ಅದು ನೋಡುವುದು ಆಕ್ಸಿಜನ್ನನ್ನು ಮಾತ್ರ. ಮಾಸ್ಕ್ ಹಾಕಿ ಆಕ್ಸಿಜನ್ ಬಿಟ್ಟ ಮೇಲೆ ಉಸಿರು ಮಂದವಾಗುತ್ತ ಹೋದರೂ ಅಂಕಿ 97ರಲ್ಲೇ ನಿಂತಿರಬಹುದು. ಒಳಗೆ ಇಂಗಾಲದ ಡೈಆಕ್ಸೈಡ್ ಸದ್ದಿಲ್ಲದೆ ಏರುತ್ತಿರುತ್ತದೆ. ಇನ್ನೊಂದು ದೋಷ ಚರ್ಮದ ಬಣ್ಣಕ್ಕೆ ಸೇರಿದ್ದು. 2020ರಲ್ಲಿ ಅಮೆರಿಕದ ಮಿಶಿಗನ್‌ನಿಂದ ಪ್ರಕಟವಾದ ಅಧ್ಯಯನ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದ ರೋಗಿಗಳ ಅಪಧಮನಿ ರಕ್ತವನ್ನು ಹೋಲಿಸಿ ನೋಡಿತು. ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ವರ್ಣೀಯರಲ್ಲಿ ಶೇ. 11.7. ಬಿಸಿಲಲ್ಲಿ ದುಡಿದು ಕಂದಿದ ನಮ್ಮ ಬೆರಳುಗಳಿಗೆ ಆ ಅಂಕಿಯನ್ನು ಹಾಗೇ ಅಂಟಿಸಲಾಗದು, ಆದರೆ ಅದು ಕೊಟ್ಟ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಈ ಪರೀಕ್ಷೆ ಹುಟ್ಟಿದ ಕಥೆಯಲ್ಲೇ ಅದರ ಬೆಲೆ ಇದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರದಲ್ಲಿ ಉಸಿರಾಟ ಸೋತ 31 ಮಂದಿಯಲ್ಲಿ 27 ಮಂದಿ ಸತ್ತರು. ಅವರ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿತ್ತು. ವೈದ್ಯರು ಅದನ್ನು ಏನೋ ಒಂದು ಕ್ಷಾರದೋಷ ಎಂದುಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಬಂದು, ಇದು ಕ್ಷಾರವಲ್ಲ, ಉಸಿರು ಹೊರಹಾಕಲಾಗದೆ ಇಂಗಾಲದ ಡೈಆಕ್ಸೈಡ್ ಗುಡ್ಡೆಯಾಗಿದೆ ಎಂದರು. ಗಂಟಲಿಗೆ ನಳಿಕೆ ಹಾಕಿ, ವೈದ್ಯ ವಿದ್ಯಾರ್ಥಿಗಳು ಹಗಲು ರಾತ್ರಿ ಪಾಳಿಯಲ್ಲಿ ಕೈಯಿಂದ ಚೀಲ ಒತ್ತಿ ಗಾಳಿ ಕೊಟ್ಟರು, ಸಾವು ಇಳಿಯಿತು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಪೌಲ್ ಆಸ್ಟ್ರುಪ್ ಪಿಎಚ್ ಅಳೆದು ಈ ಅನಿಲವನ್ನು ಲೆಕ್ಕ ಹಾಕುವ ವಿಧಾನ ಕಟ್ಟಿದರು. ಮುಂದೆ ಅಮೆರಿಕದಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಆಕ್ಸಿಜನ್‌ಗೆ, ಜಾನ್ ಸೆವೆರಿಂಗ್‌ಹಾಸ್ ಇಂಗಾಲದ ಡೈಆಕ್ಸೈಡ್‌ಗೆ ಎಲೆಕ್ಟ್ರೋಡ್ ಮಾಡಿದರು. ಇವತ್ತಿನ ಎಬಿಜಿ ಯಂತ್ರ ಅವರ ಕೆಲಸದ ಮೇಲೆಯೇ ನಿಂತಿದೆ. ನನಗೆ ಈ ಇತಿಹಾಸದಲ್ಲಿ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ: ಅಳತೆ ಇಲ್ಲದ್ದರಿಂದ ಮಾತ್ರವಲ್ಲ, ಇದ್ದ ಅಳತೆಯನ್ನು ತಪ್ಪಾಗಿ ಓದಿದ್ದರಿಂದಲೂ ಅಲ್ಲಿ ಜೀವ ಹೋದವು. ಅಳತೆಯೇ ಕೆಟ್ಟಿದ್ದರೆ ಓದುವವರು ಏನು ಮಾಡಿಯಾರು?

ಅಳತೆ ಕೆಡುವುದು ಹೇಗೆ ಎಂಬುದನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ಸಿರಿಂಜಿಗೆ ಬಂದ ರಕ್ತ ಸತ್ತಿರುವುದಿಲ್ಲ. ಬಿಳಿ ಕಣಗಳು, ಪ್ಲೇಟ್‌ಲೆಟ್‌ಗಳು ಆಕ್ಸಿಜನ್ ಬಳಸುತ್ತಲೇ ಇರುತ್ತವೆ. ಕಣಗಳು ಗ್ಲೂಕೋಸ್ ಕರಗಿಸಿ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಮೈಯ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಒಂದು ಗಂಟೆ ಇಟ್ಟ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 5 ಮಿ.ಮೀ. ಪಾದರಸದಷ್ಟು ಏರುತ್ತದೆ, ಪಿಎಚ್ ಸುಮಾರು 0.05 ಇಳಿಯುತ್ತದೆ ಎಂಬುದು ಪಠ್ಯಪುಸ್ತಕಗಳ ಸ್ಥೂಲ ಲೆಕ್ಕ. ತಂಪು ಕೋಣೆಯಲ್ಲಿ ಇದು ನಿಧಾನ. ಆದರೆ ಮೇ ತಿಂಗಳಲ್ಲಿ ಸೇಡಂನ ಮಧ್ಯಾಹ್ನ 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ; ಬೈಕಿನ ಬಾಕ್ಸಿನಲ್ಲಿ, ಬಸ್ಸಿನ ಕಿಟಕಿ ಪಕ್ಕ, ಅಂಗಿ ಜೇಬಿನಲ್ಲಿ ಕೂತ ಸಿರಿಂಜಿಗೆ ಆ ಶಾಖವೂ ತಾಗುತ್ತದೆ. ಸೇಡಂನಿಂದ ಯಂತ್ರವಿರುವ ಕಲಬುರಗಿ ಐವತ್ತು ಕಿಲೋಮೀಟರ್ ಮೇಲೆ, ಚಿಂಚೋಳಿಯಿಂದ ಎಂಬತ್ತರ ಆಸುಪಾಸು. ಸಿಮೆಂಟ್ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಗಂಟೆಯ ಮಾತು ಮರೆತುಬಿಡಬೇಕು. ಈಗ ಈ ಅಂಕಿಗಳನ್ನು ಒಬ್ಬ ಸಿಓಪಿಡಿ ರೋಗಿಯ ಮೇಲೆ ಇಟ್ಟು ನೋಡಿ. ಅವನ ಪಿಎಚ್ 7.36, ಇಂಗಾಲದ ಡೈಆಕ್ಸೈಡ್ 46 ಇತ್ತೆನ್ನಿ. ಗಂಟೆಯ ನಂತರ ಯಂತ್ರ ತೋರಿಸುವುದು 7.31 ಮತ್ತು 51. ಒತ್ತಡದಲ್ಲಿ ಗಾಳಿ ಕೊಡುವ ಬೈಪ್ಯಾಪ್ ಮಾಸ್ಕ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಗೆರೆ ಇರುವುದು 7.35ರಲ್ಲಿ! ಅಂದರೆ ರೋಗಿ ಗೆರೆಯ ಆಚೆ ಇದ್ದ, ದಾರಿ ಅವನನ್ನು ಈಚೆಗೆ ತಂದು ಹಾಕಿತು. ಇದನ್ನು ಸಣ್ಣ ವ್ಯತ್ಯಾಸ ಎಂದು ನಾನು ಒಪ್ಪುವುದಿಲ್ಲ.

ಐಸ್ ಬಾಕ್ಸ್‌ನಲ್ಲಿ ಇಟ್ಟು ಕಳಿಸಿದರಾಯಿತು ಎಂಬುದು ಮುಂದಿನ ಆಕ್ಷೇಪ, ಮತ್ತು ಅದು ಬಲವಾದ ಆಕ್ಷೇಪ. ಲಸಿಕೆ ಒಯ್ಯುವ ಕ್ಯಾರಿಯರ್ ಪ್ರತಿ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ, ಐಸ್‌ಪ್ಯಾಕ್ ಇರುತ್ತದೆ. ಹಳೆಯ ಪುಸ್ತಕಗಳೂ ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಒಂದು ಗಂಟೆ ತಡೆಯುತ್ತದೆ ಎಂದೇ ಹೇಳಿದ್ದವು. ಆದರೆ ಆ ಪುಸ್ತಕಗಳನ್ನು ಬರೆದದ್ದು ಗಾಜಿನ ಸಿರಿಂಜಿನ ಕಾಲದಲ್ಲಿ. ಇವತ್ತು ನಮ್ಮ ಕೈಯಲ್ಲಿರುವುದು ಪ್ಲಾಸ್ಟಿಕ್. ಪ್ಲಾಸ್ಟಿಕ್ ಗೋಡೆಯ ಮೂಲಕ ಆಕ್ಸಿಜನ್ ಒಳನುಸುಳುತ್ತದೆ. ರಕ್ತ ತಣ್ಣಗಾದಷ್ಟೂ ಅದರಲ್ಲಿ ಆಕ್ಸಿಜನ್ ಹೆಚ್ಚು ಕರಗುತ್ತದೆ, ಹಿಮೋಗ್ಲೋಬಿನ್ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ಹೊರಗಿನಿಂದ ಇನ್ನಷ್ಟು ಎಳೆದುಕೊಳ್ಳುತ್ತದೆ. ಫಲ: ಆಕ್ಸಿಜನ್ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದೇ ಮಾದರಿಯಲ್ಲಿ ಪೊಟ್ಯಾಸಿಯಂ ನೋಡಿದರೆ ಅದೂ ಸುಳ್ಳೇ ಏರಿರುತ್ತದೆ, ಏಕೆಂದರೆ ತಣ್ಣಗಾದ ಕೆಂಪು ಕಣ ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದಲೇ ಈಗಿನ ನಿಯಮ: ಪ್ಲಾಸ್ಟಿಕ್ ಸಿರಿಂಜನ್ನು ಐಸಿನಲ್ಲಿ ಇಡಬೇಡಿ, ಕೋಣೆಯ ಉಷ್ಣತೆಯಲ್ಲೇ ಇಡಿ, 30 ನಿಮಿಷದೊಳಗೆ ಯಂತ್ರಕ್ಕೆ ಹಾಕಿ. ಇದನ್ನು ಬರೆದವರ ಕೋಣೆಯ ಉಷ್ಣತೆ ಇಪ್ಪತ್ತರ ಆಸುಪಾಸಿನದು. ನಮ್ಮ ಫರ್ಸಿ ಚಾವಣಿಯ ಕೋಣೆಗಳ ಉಷ್ಣತೆಯಲ್ಲ. ಆ ಅರ್ಧ ಗಂಟೆ ನಮ್ಮಲ್ಲಿ ಹತ್ತು ನಿಮಿಷ ಎಂದು ಓದಿಕೊಂಡರೆ ಒಳ್ಳೆಯದು.

ಗಾಳಿಗುಳ್ಳೆಯ ವಿಷಯ ಎಲ್ಲರಿಗೂ ಗೊತ್ತು ಎಂದುಕೊಳ್ಳುತ್ತೇವೆ, ಆದರೆ ಅದು ದಾರಿಯ ಜತೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ. ಗಾಳಿಯಲ್ಲಿ ಆಕ್ಸಿಜನ್ ಒತ್ತಡ 150–160 ಮಿ.ಮೀ., ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಸೊನ್ನೆ. ರಕ್ತದ ಪಕ್ಕ ಗುಳ್ಳೆ ಕೂತರೆ ಎರಡೂ ಅದರ ಕಡೆಗೆ ಜಾರುತ್ತವೆ: ಉಸಿರಿಲ್ಲದೆ ಒದ್ದಾಡುವವನ ಆಕ್ಸಿಜನ್ ಏರಿದಂತೆ, ಇಂಗಾಲದ ಡೈಆಕ್ಸೈಡ್ ಇಳಿದಂತೆ ಕಾಣುತ್ತದೆ. ಗುಳ್ಳೆ ಸುಮ್ಮನೆ ಕೂತಿದ್ದರೆ ಹಾನಿ ನಿಧಾನ. ಸೋಡಾ ಬಾಟಲಿಯನ್ನು ಅಲ್ಲಾಡಿಸಿದಂತೆ ಬೈಕಿನ ಮೇಲೆ ಕುಲುಕಿದರೆ ದೊಡ್ಡ ಗುಳ್ಳೆ ನೂರು ಸಣ್ಣ ಗುಳ್ಳೆಯಾಗಿ ರಕ್ತದೊಳಗೆಲ್ಲ ಸುತ್ತುತ್ತದೆ, ಹಾನಿ ಕ್ಷಣದಲ್ಲಿ ಮುಗಿಯುತ್ತದೆ. ಹಾಗಾಗಿ ಗುಳ್ಳೆಯನ್ನು ತೆಗೆಯಬೇಕಾದದ್ದು ಲ್ಯಾಬಿನಲ್ಲಿ ಅಲ್ಲ, ಹಾಸಿಗೆಯ ಪಕ್ಕದಲ್ಲೇ: ಸೂಜಿ ತೆಗೆದು, ಸಿರಿಂಜಿನ ಬಾಯಿ ಮೇಲೆ ಮಾಡಿ, ಬೆರಳಿಂದ ತಟ್ಟಿ, ಗುಳ್ಳೆ ತುದಿಗೆ ಬಂದ ಮೇಲೆ ಹತ್ತಿ ಅಥವಾ ಗಾಜ್ ಹಿಡಿದು ಹೊರಗೆ ಒತ್ತಿ, ಮುಚ್ಚಳ ಬಿಗಿಯಬೇಕು. ಆಮೇಲೆ ಸಿರಿಂಜನ್ನು ಎರಡು ಅಂಗೈ ನಡುವೆ ಉರುಳಿಸಬೇಕು, ತಲೆಕೆಳಗು ಮಾಡಬೇಕು, ಇಲ್ಲದಿದ್ದರೆ ಒಳಗೆ ಸಣ್ಣ ಹೆಪ್ಪು ಕಟ್ಟಿ ಯಂತ್ರದ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಒಂದು ಹೆಪ್ಪಿಗೆ ಯಂತ್ರ ದಿನವಿಡೀ ಮಲಗಿದರೆ ಅದರ ಬೆಲೆ ತೆರುವವರು ಉಳಿದ ರೋಗಿಗಳು.

ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿಗೆ ಹಾಕುವ ಹೆಪಾರಿನ್‌ನದು ಇನ್ನೊಂದು ಮೋಸ, ಯಾರಿಗೂ ಕಾಣದ್ದು. ಒಣ ಹೆಪಾರಿನ್ ಹಾಕಿಯೇ ಬರುವ ಸಿರಿಂಜುಗಳಿವೆ; ಅವುಗಳ ಬೆಲೆ ಸಾದಾ ಸಿರಿಂಜಿನ ಹಲವು ಪಟ್ಟು, ಆದ್ದರಿಂದ ನಮ್ಮಲ್ಲಿ ರೂಢಿ ಬೇರೆ. ವಯಲ್‌ನಿಂದ ದ್ರವ ಹೆಪಾರಿನ್ ಎಳೆದು, ಸಿರಿಂಜಿನ ಒಳಗೋಡೆ ಒದ್ದೆ ಮಾಡಿ, ಹೊರಗೆ ಚೆಲ್ಲಿ, ಅದೇ ಸಿರಿಂಜಿನಲ್ಲಿ ರಕ್ತ ತೆಗೆಯುವುದು. ಚೆಲ್ಲಿದೆವು ಎಂದುಕೊಂಡರೂ ಸಿರಿಂಜಿನ ಮೂತಿ ಮತ್ತು ಸೂಜಿಯೊಳಗೆ 0.1 ಎಂಎಲ್ ತನಕ ಉಳಿದಿರಬಹುದು. ನಾಡಿ ಸರಿಯಾಗಿ ಸಿಗದೆ ಒಂದೇ ಎಂಎಲ್ ರಕ್ತ ಬಂತು ಅನ್ನಿ: ಹತ್ತರಲ್ಲೊಂದು ಪಾಲು ನೀರು ಬೆರೆಸಿದ ಹಾಗಾಯಿತು. ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಎರಡೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತವೆ, ಪಿಎಚ್ ಮಾತ್ರ ಅಷ್ಟಾಗಿ ಅಲ್ಲಾಡುವುದಿಲ್ಲ. ಓದುವ ವೈದ್ಯರಿಗೆ ಇದು ದೇಹ ಸರಿದೂಗಿಸಿಕೊಂಡ ಆಮ್ಲದೋಷದಂತೆ ಕಾಣುತ್ತದೆ. ತಡವಾದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಹೆಪಾರಿನ್ ಹೆಚ್ಚಾದರೆ ಇಳಿಯುತ್ತದೆ. ಎರಡೂ ಸೇರಿ ಸಮವಾಗುತ್ತದೆ ಎಂದು ಯಾರಾದರೂ ತಮಾಷೆಗೆ ಹೇಳಬಹುದು, ಆದರೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಯಾರ ಕೈಯಲ್ಲೂ ಇಲ್ಲ. ದುಬಾರಿ ಸಿರಿಂಜ್ ತರಿಸಲಾಗದ ಕಡೆ ಮಾಡಬಹುದಾದದ್ದು ಇದೆ: ಪಿಸ್ಟನ್ ತುದಿತನಕ ಒತ್ತಿ ಹೆಪಾರಿನ್ ಪೂರ್ತಿ ಹೊರಹಾಕುವುದು, ರಕ್ತವನ್ನು ಕನಿಷ್ಠ ಎರಡು ಎಂಎಲ್ ತುಂಬುವುದು, ಅಷ್ಟು ಬಾರದಿದ್ದರೆ ಚೀಟಿಯ ಮೇಲೆ ಹಾಗೆಂದೇ ಬರೆಯುವುದು.

‘ಏನೂ ಇಲ್ಲದ್ದಕ್ಕಿಂತ ಏನೋ ಒಂದು ಅಂಕಿ ಇದ್ದರೆ ಒಳ್ಳೆಯದಲ್ಲವೇ?’ ನನ್ನ ವಾದಕ್ಕೆ ಎದುರಾಗುವ ದೊಡ್ಡ ಪ್ರಶ್ನೆ ಇದು, ಮತ್ತು ಕೇಳುವವರು ಸೋಮಾರಿಗಳಲ್ಲ, ರೋಗಿಯ ಬಗ್ಗೆ ಕಾಳಜಿ ಇರುವವರೇ. ನನ್ನ ಉತ್ತರ: ಅಂಕಿ ಇಲ್ಲದಾಗ ವೈದ್ಯರು ರೋಗಿಯನ್ನು ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮಂಪರು ಇದೆಯೇ, ಕೈ ನಡುಗುತ್ತಿದೆಯೇ ಎಂದು ಗಮನಿಸುತ್ತಾರೆ. ಅಂಕಿ ಬಂದರೆ ಅಂಕಿಯನ್ನು ನೋಡುತ್ತಾರೆ. ಮುದ್ರಿತ ಕಾಗದಕ್ಕೆ ಇರುವ ಅಧಿಕಾರ ಕಣ್ಣಿನ ಗುಮಾನಿಗೆ ಇರುವುದಿಲ್ಲ. ಜತೆಗೆ, ಮಾದರಿ ಕಲಬುರಗಿಗೆ ಹೋಗಿ ಫೋನಿನಲ್ಲಿ ಫಲ ಬರುವಷ್ಟರಲ್ಲಿ ರೋಗಿ ಅದೇ ಸ್ಥಿತಿಯಲ್ಲಿ ಉಳಿದಿರುವುದಿಲ್ಲ. ಆ ಅಂಕಿ ಸರಿಯಿದ್ದರೂ ಹಳೆಯದು. ಮಾದರಿ ಇಲ್ಲದೆಯೂ ಸರಿಯಾದ ಚಿಕಿತ್ಸೆ ಸಾಧ್ಯ ಎಂಬುದಕ್ಕೆ ಆಸ್ಟ್ರೇಲಿಯಾದ ತಾಸ್ಮೇನಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಆಂಬುಲೆನ್ಸ್ ಪ್ರಯೋಗ ಸಾಕ್ಷಿ. ಉಸಿರು ಕಟ್ಟಿದ ಸಿಓಪಿಡಿ ರೋಗಿಗಳು ಎನಿಸಿದ 405 ಮಂದಿಯಲ್ಲಿ ಕೆಲವರಿಗೆ ರೂಢಿಯಂತೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು, ಉಳಿದವರಿಗೆ ಆಕ್ಸಿಮೀಟರ್ 88ರಿಂದ 92ರ ನಡುವೆ ನಿಲ್ಲುವಷ್ಟು ಮಾತ್ರ. ಮೊದಲ ಗುಂಪಿನಲ್ಲಿ ಶೇ. 9 ಮಂದಿ ಸತ್ತರು, ಎರಡನೆಯದರಲ್ಲಿ ಶೇ. 4. ದಾರಿಯಲ್ಲಿ ಯಾರೂ ಯಾರ ನಾಡಿಗೂ ಸೂಜಿ ಹಾಕಿರಲಿಲ್ಲ. ಆಕ್ಸಿಜನ್ ಹಿಡಿತದಲ್ಲಿಟ್ಟರು, ಅಷ್ಟೇ. ನಮ್ಮ ತಾಲ್ಲೂಕು ಆಸ್ಪತ್ರೆಯಿಂದ 108ರಲ್ಲಿ ಹೊರಡುವ ದಮ್ಮಿನ ರೋಗಿಗೆ ಇದಕ್ಕಿಂತ ಉಪಯೋಗದ ಪಾಠ ನನಗೆ ಕಾಣುವುದಿಲ್ಲ.

ಹಾಗಾದರೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವನ್ನೇ ತಾಲ್ಲೂಕಿಗೆ ತರಬಾರದೇಕೆ? ತರಬೇಕು, ದೂರ ಕಡಿಮೆ ಮಾಡುವ ಸರಿಯಾದ ದಾರಿ ಅದೇ. ಆದರೆ ಐ-ಸ್ಟ್ಯಾಟ್‌ನಂಥ ಯಂತ್ರ ಕೆಲಸ ಮಾಡುವುದು 16ರಿಂದ 30 ಡಿಗ್ರಿಯೊಳಗೆ, ಅದರ ಕಾರ್ಟ್ರಿಜ್‌ಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಏಸಿ ಇಲ್ಲದ ಕೋಣೆಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಅದು ಉಷ್ಣತೆ ಮೀರಿದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಯಂತ್ರಕ್ಕೆ ಹಣ ಮಂಜೂರು ಮಾಡುವವರು ಏಸಿಗೆ, ಫ್ರಿಜ್‌ಗೆ, ಇನ್ವರ್ಟರ್‌ಗೆ, ವರ್ಷವಿಡೀ ಕಾರ್ಟ್ರಿಜ್‌ಗೆ ಹಣ ಇಡದಿದ್ದರೆ ಯಂತ್ರ ಕಪಾಟು ಸೇರುತ್ತದೆ. ಯಂತ್ರ ಹತ್ತಿರವಿರುವ ಕಡೆ ಕೂಡ ಪ್ರತಿ ಸಲ ಅಪಧಮನಿಯನ್ನೇ ಚುಚ್ಚಬೇಕಿಲ್ಲ. ಶುಗರ್ ಏರಿ ಆಮ್ಲವಾದ ರೋಗಿಗೆ ಅಭಿಧಮನಿಯ ರಕ್ತವೇ ಸಾಕು. ಅದರ ಪಿಎಚ್ ಅಪಧಮನಿಯದ್ದಕ್ಕಿಂತ 0.03ರಷ್ಟು ಮಾತ್ರ ಕಡಿಮೆ. ಅಭಿಧಮನಿಯ ಇಂಗಾಲದ ಡೈಆಕ್ಸೈಡ್ 45ಕ್ಕಿಂತ ಕೆಳಗಿದ್ದರೆ ಅಪಧಮನಿಯಲ್ಲೂ ಅದು ಏರಿರಲಾರದು ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಏರಿದ್ದರೆ ಎಷ್ಟು ಎಂದು ತಿಳಿಯಲು, ಮತ್ತು ಆಕ್ಸಿಜನ್ ತಿಳಿಯಲು ಮಾತ್ರ ಅಪಧಮನಿ ಬೇಕು. ಬೆಳಿಗ್ಗೆ ಸಂಜೆ ಎಬಿಜಿ ಮಾಡಿಸುವ ರೂಢಿ ಹೀಗೆ ಪ್ರಶ್ನೆ ಕೇಳಿಕೊಂಡರೆ ಅರ್ಧ ಕರಗೀತು.

ಯಾರಿಗೆ ಚುಚ್ಚಲೇಬಾರದು ಎಂಬುದರಲ್ಲೂ ನಮ್ಮ ನೆಲದ ವಿಶೇಷವಿದೆ. ಚಿಂಚೋಳಿಯ ಕುರುಚಲು ಕಾಡು, ಕಲ್ಲುಗಣಿಯ ಸುತ್ತಲಿನ ಗುಡ್ಡೆಗಳು ಮಂಡಲದ ಹಾವುಗಳಿಗೆ ಹೇಳಿ ಮಾಡಿಸಿದ ಜಾಗ. ಕೊಳಕುಮಂಡಲ, ಗರಗಸ ಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡಿರಬಹುದು. ಅಂಥವರ ನಾಡಿಗೆ ಸೂಜಿ ಹಾಕಿದರೆ ಎಷ್ಟು ಒತ್ತಿದರೂ ರಕ್ತ ನಿಲ್ಲದೆ ಕೈ ಬಾತು, ನರದ ಮೇಲೆ ಒತ್ತಡ ಬಿದ್ದು, ಕೈಗೇ ಕುತ್ತು. ಹಾವು ಕಚ್ಚಿದವರಲ್ಲಿ ಮೊದಲು ಆಗಬೇಕಾದದ್ದು ಎಬಿಜಿ ಅಲ್ಲ, ಒಣ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆ. ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಆದವರಿಗೂ ಇದೇ ಎಚ್ಚರ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ ಕೈಯನ್ನಂತೂ ಮುಟ್ಟಲೇಬಾರದು.

ಚುಚ್ಚುವ ಮೊದಲು ಅಲೆನ್ ಪರೀಕ್ಷೆ ಮಾಡಿ ಎಂದು ಹಲವು ಕೈಪಿಡಿಗಳು ಹೇಳುತ್ತವೆ. 1929ರಲ್ಲಿ ಎಡ್ಗರ್ ಅಲೆನ್ ಬೇರೊಂದು ಕಾಯಿಲೆ ಗುರುತಿಸಲು ಹೇಳಿಕೊಟ್ಟ ವಿಧಾನ ಅದು. ಈಗ ಮಾಡುವ ಮಾರ್ಪಟ್ಟ ರೂಪದಲ್ಲಿ ರೋಗಿ ಮುಷ್ಟಿ ಬಿಗಿಯಬೇಕು, ನಾವು ಮಣಿಕಟ್ಟಿನ ಎರಡೂ ಅಪಧಮನಿ ಒತ್ತಿ ಹಿಡಿಯಬೇಕು, ಬೆಳ್ಳಗಾದ ಅಂಗೈ ಕಿರುಬೆರಳಿನ ಕಡೆಯ ನಾಡಿ ಬಿಟ್ಟಾಗ ಹತ್ತು ಹದಿನೈದು ಸೆಕೆಂಡಿನೊಳಗೆ ಕೆಂಪೇರಬೇಕು. ಇದು ಮುಂದಿನ ಅಪಾಯವನ್ನು ಸರಿಯಾಗಿ ಹೇಳುವುದಿಲ್ಲ ಎಂಬ ಟೀಕೆ ಇದೆ, ಟೀಕೆಯಲ್ಲಿ ಹುರುಳೂ ಇದೆ. ಪ್ರಜ್ಞೆ ತಪ್ಪಿದವರಲ್ಲಿ, ಶಾಕ್‌ನಲ್ಲಿರುವವರಲ್ಲಿ ಮಾಡುವುದೂ ಕಷ್ಟ. ನಾನು ಮಾತ್ರ ಅದನ್ನು ಬಿಡಬಾರದು ಎನ್ನುವವರ ಕಡೆಗಿದ್ದೇನೆ. ಕಾರಣ ಅದರ ನಿಖರತೆ ಅಲ್ಲ. ಆ ಕಾಲು ನಿಮಿಷದಲ್ಲಿ ಚುಚ್ಚುವವರು ಕೈಯನ್ನು ಸರಿಯಾಗಿ ನೋಡುತ್ತಾರೆ: ಹಳೆಯ ಚುಚ್ಚಿನ ಗುರುತು, ಬಾವು, ತಣ್ಣಗಿನ ಬೆರಳು ಕಣ್ಣಿಗೆ ಬೀಳುತ್ತವೆ. ಒಬ್ಬರು ಒಂದು ಕೈಯಲ್ಲಿ ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬಾರದು ಎಂಬ ನಿಯಮ ಅಲೆನ್ ಪರೀಕ್ಷೆಗಿಂತ ಹೆಚ್ಚು ಕೈಗಳನ್ನು ಕಾಪಾಡುತ್ತದೆ ಎಂಬುದು ನನ್ನ ಅಂದಾಜು.

ನೋವಿನ ಬಗ್ಗೆ ನಮ್ಮಲ್ಲಿ ಒಂದು ಉಡಾಫೆ ಇದೆ. ಅಪಧಮನಿಯ ಚುಚ್ಚು ಸಾಮಾನ್ಯ ಇಂಜೆಕ್ಷನ್‌ಗಿಂತ ಬಹಳ ನೋಯುತ್ತದೆ. ನೋವಾದವರು ಉಸಿರು ಬಿಗಿ ಹಿಡಿಯುತ್ತಾರೆ ಅಥವಾ ಏದುಸಿರು ಬಿಡುತ್ತಾರೆ. ಎರಡರಿಂದಲೂ ಇಂಗಾಲದ ಡೈಆಕ್ಸೈಡ್ ಅಂಕಿ ಅಲ್ಲಾಡುತ್ತದೆ. ಅಂದರೆ ನೋವು ಕರುಣೆಯ ಪ್ರಶ್ನೆ ಮಾತ್ರವಲ್ಲ, ನಿಖರತೆಯ ಪ್ರಶ್ನೆಯೂ ಹೌದು. ಬ್ರಿಟಿಷ್ ಥೊರಾಸಿಕ್ ಸೊಸೈಟಿ ತುರ್ತು ಸಂದರ್ಭ ಬಿಟ್ಟು ಉಳಿದೆಲ್ಲ ಎಬಿಜಿಗೂ ಮರಗಟ್ಟಿಸುವ ಔಷಧಿ ಬಳಸಿ ಎನ್ನುತ್ತದೆ. ಒಂದು ಚುಚ್ಚಿನ ಜಾಗದಲ್ಲಿ ಎರಡಾಯಿತಲ್ಲ ಎನ್ನುವವರು ಇನ್ಸುಲಿನ್ ಸೂಜಿಯ ದಪ್ಪ ನೋಡಬೇಕು. ಅಡ್ರಿನಲಿನ್ ಬೆರೆಸದ ಒಂದು ಪರ್ಸೆಂಟ್ ಲಿಗ್ನೊಕೇನ್ ಚರ್ಮದಡಿ ಹನಿಯಷ್ಟು ಬಿಟ್ಟು ಒಂದು ನಿಮಿಷ ಕಾದರೆ ಸಾಕು. ನಂತರ ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೈ ಸ್ವಲ್ಪ ಹಿಂದಕ್ಕೆ ಬಾಗಿಸಿ, ನಾಡಿ ಹಿಡಿದ ಬೆರಳಿನ ಪಕ್ಕದಲ್ಲಿ, 45 ಡಿಗ್ರಿ ಓರೆಯಲ್ಲಿ 23 ಗೇಜ್ ಸೂಜಿ. ಸಣ್ಣ ಪ್ಲಾಸ್ಟಿಕ್ ಸಿರಿಂಜಿನಲ್ಲಿ ರಕ್ತ ತಾನಾಗಿ ಏರದೆ ಮೆಲ್ಲಗೆ ಎಳೆಯಬೇಕಾಗಿ ಬಂದರೆ ಅದು ಅಪಧಮನಿಯದೇ ಎಂದು ಆಣೆ ಮಾಡಬೇಡಿ. ತೀರ ಆಕ್ಸಿಜನ್ ಕಡಿಮೆಯಾದವರಲ್ಲಿ ಬಣ್ಣವೂ ಕೈಕೊಡುತ್ತದೆ.

ಸೂಜಿ ಹೊರಬಂದ ಕ್ಷಣದಿಂದ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ, ಮತ್ತು ಅವು ಒಂದಕ್ಕೊಂದು ಜಗಳವಾಡುತ್ತವೆ. ನಾಡಿಯನ್ನು ಕನಿಷ್ಠ ಐದು ನಿಮಿಷ, ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರಲ್ಲಿ ಅದಕ್ಕೂ ಹೆಚ್ಚು ಹೊತ್ತು, ಬಿಡದೆ ಒತ್ತಿ ಹಿಡಿಯಬೇಕು. ಅದೇ ಐದು ನಿಮಿಷದಲ್ಲಿ ಗುಳ್ಳೆ ತೆಗೆಯಬೇಕು, ಮುಚ್ಚಳ ಹಾಕಬೇಕು, ಉರುಳಿಸಬೇಕು, ಹೆಸರು ಮತ್ತು ಗಂಟೆ ಬರೆಯಬೇಕು, ಯಂತ್ರದ ಕಡೆ ಓಡಬೇಕು. ಒಬ್ಬರಿಂದ ಇದು ಆಗದು. ಆಗದ್ದನ್ನು ಆಗಿಸಲು ನಾವು ಕಂಡುಕೊಂಡ ಉಪಾಯ ‘ಅವ್ವಾ, ಇದನ್ನ ಗಟ್ಟಿ ಹಿಡೀರಿ’ ಎಂದು ಮನೆಯವರ ಕೈಗೆ ಹತ್ತಿ ಕೊಟ್ಟು ಹೋಗುವುದು. ಆ ಅವ್ವ ಅರ್ಧ ನಿಮಿಷಕ್ಕೊಮ್ಮೆ ಹತ್ತಿ ಎತ್ತಿ, ರಕ್ತ ನಿಂತಿತಾ ಅಂತ ನೋಡುತ್ತಾಳೆ. ಸಹಜ, ಯಾರಾದರೂ ನೋಡುತ್ತಾರೆ. ಪ್ರತಿ ಸಲ ಎತ್ತಿದಾಗಲೂ ಕೂಡಿಕೊಳ್ಳುತ್ತಿದ್ದ ಜಾಗ ಬಿಚ್ಚಿಕೊಳ್ಳುತ್ತದೆ, ಮರುದಿನ ಮಣಿಕಟ್ಟು ನೀಲಿಗಟ್ಟುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸ್ಟಾಫ್ ನರ್ಸ್ ಇಡೀ ವಾರ್ಡ್ ನೋಡುವಾಗ ಐದು ನಿಮಿಷ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನರ್ಸ್ ಬಳಿ ಇಲ್ಲ, ಡ್ಯೂಟಿ ಪಟ್ಟಿ ಬರೆಯುವವರ ಬಳಿ ಇದೆ: ಎಬಿಜಿ ಎಂದರೆ ಇಬ್ಬರ ಕೆಲಸ. ಎರಡನೆಯವರು ಬಂದು ನಿಂತ ಮೇಲೆಯೇ ಸೂಜಿಯ ಕವರ್ ಬಿಚ್ಚಬೇಕು. ಹೀಗಾದರೆ ಬಳಸಿದ ಸೂಜಿಗೆ ಅವಸರದಲ್ಲಿ ಎರಡು ಕೈಯಿಂದ ಮುಚ್ಚಳ ಹಾಕುವ ಅಪಾಯವೂ ತಪ್ಪುತ್ತದೆ. ಪಕ್ಕದಲ್ಲೇ ಇಟ್ಟ ಬಿಳಿ ಶಾರ್ಪ್ಸ್ ಡಬ್ಬಿಗೆ ಸೂಜಿ ನೇರ ಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಮಾದರಿ ವ್ಯರ್ಥವಾಗುವುದು ಚೀಟಿಯಲ್ಲಿ. ಆಕ್ಸಿಜನ್ ಒತ್ತಡ 70 ಎಂದು ಬಂದರೆ ಬರಿ ಗಾಳಿಯಲ್ಲಿ ಅದು ಅಷ್ಟೇನೂ ಕೆಟ್ಟದ್ದಲ್ಲ, ಹತ್ತು ಲೀಟರ್ ಮಾಸ್ಕ್ ಹಾಕಿದ್ದಾಗ ಅದು ಅಪಾಯದ ಗಂಟೆ. ಚೀಟಿಯಲ್ಲಿ ಲೀಟರ್ ಬರೆಯದಿದ್ದರೆ ಆ 70ಕ್ಕೆ ಅರ್ಥವೇ ಇಲ್ಲ. ಆಕ್ಸಿಜನ್ ಹೆಚ್ಚು ಕಡಿಮೆ ಮಾಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಕಾಯದೆ ತೆಗೆದರೆ ಅದು ಹಳೆಯ ಸ್ಥಿತಿಯೂ ಅಲ್ಲ, ಹೊಸ ಸ್ಥಿತಿಯೂ ಅಲ್ಲ. ಈ ಮಾತು ಮಾದರಿಯೇ ತೆಗೆಯದೆ ರೋಗಿಯನ್ನು ಕಲಬುರಗಿಗೆ ಕಳಿಸುವ ರೆಫರಲ್ ಚೀಟಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ‘ಎಬಿಜಿಗಾಗಿ ಕಳಿಸಲಾಗಿದೆ’ ಎಂಬ ಒಂದು ಸಾಲು ಅಲ್ಲಿನವರಿಗೆ ಏನನ್ನೂ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ: ಹೊರಡುವಾಗ ಉಸಿರು ನಿಮಿಷಕ್ಕೆ ಎಷ್ಟಿತ್ತು, ಕರೆದರೆ ಕಣ್ಣು ತೆರೆಯುತ್ತಿದ್ದರೇ, ಎಷ್ಟು ಲೀಟರ್ ಆಕ್ಸಿಜನ್‌ನಲ್ಲಿ ಆಕ್ಸಿಮೀಟರ್ ಎಷ್ಟು ತೋರಿಸುತ್ತಿತ್ತು, ಶುಗರ್ ಎಷ್ಟು, ಹೆಪಾರಿನ್ ಕೊಟ್ಟಿದ್ದರೆ ಎಷ್ಟು ಗಂಟೆಗೆ, ಮತ್ತು ಯಾವ ಮಣಿಕಟ್ಟಿಗೆ ಇನ್ನೂ ಯಾರೂ ಸೂಜಿ ಹಾಕಿಲ್ಲ.